ಶಬ್ಬೀರಸಾಬನ ಡಬ್ಬಿ ಅಂಗಡಿ ಚಳವಳಿ

ಫೌಜದಾರರು ಕೇಳಿದ್ದು ದೊಡ್ಡ ಮಾತೇನಲ್ಲ. "ಏ ಶಬ್ಬೀರ, ಇವತ್ತೊಂದಿನ ನಿನ್ನ ಡಬ್ಬಿ ಅಂಗಡಿ ಆಕಡಿ ಸರಸು. ಈಶಪ್ಪ ಸಾಹೇಬ್ರ ಸನ್ಮಾನ ಐತಿ, ಮಂತ್ರಿಗಳು ಬರ್ತಾರ, ಕಾರು ನಿಲ್ಲಾಕ ಜಾಗಾ ಬೇಕು. ನಾಳಿ ಮುಂಜಾನಿ ಮತ್ತ ಇಲ್ಲೇ ಇಟ್ಕೋ."

ಆದರೆ ಕುಕನೂರಿನ ಬಸ್ ನಿಲ್ದಾಣದೆದುರು ಬೇವಿನ ಮರದಡಿ ಚಹಾ ಮಾರುವ ಶಬ್ಬೀರಸಾಬನಿಗೆ ಇಂಥ ದಿನ ಮತ್ತೆಲ್ಲಿ ಸಿಗಬೇಕು? ಯಲಬುರ್ಗಾ, ಕುಷ್ಟಗಿ, ಗಂಗಾವತಿಯಿಂದೆಲ್ಲ ಜನ ಬರುವವರಿದ್ದರು. ಕ್ಯಾನುಗಟ್ಟಲೆ ಹಾಲು ತರಿಸಿ, ಬುಟ್ಟಿ ತುಂಬ ಮೆಣಸಿನಕಾಯಿ ಸೀಳಿಟ್ಟು, ಹೆಂಡತಿ ನಾಹೀದಾಳಿಗೆ ಹೊಸ ಮಿಕ್ಸರ್ ಕೊಡಿಸುತ್ತೇನೆಂದು ಮಾತು ಕೊಟ್ಟೂ ಆಗಿತ್ತು.

"ಅದ್ಹೆಂಗ ಸರಸ್ತೀಯೋ? ಅದು ನಿನ್ನ ಹಕ್ಕು!" ಎಂದು ಪಕ್ಕದ ಪಂಕ್ಚರ್ ಅಂಗಡಿಯ ಇಲಿಯಾಸ ಹಾರಾಡಿದ. ಅವನಿಗೇನು, ಅವನ ಅಂಗಡಿಯನ್ನು ಯಾರೂ ಸರಿಸೆಂದಿರಲಿಲ್ಲ. "ಈಶಪ್ಪ ಸಾಹೇಬ್ರು ಐಬಿಯಾಗ ಇಳದಾರ. ಅವರದೊಂದು ಫೋನ್ ಬಂದ್ರ ಫೌಜದಾರ ನಿನಗ ಸಲಾಮ್ ಹೊಡಿತಾನ. ನನ್ನ ಗಾಡಿ ಹತ್ತು!"

ಈಶಪ್ಪನವರೆಂದರೆ ಸಾಮಾನ್ಯರೇ! ಕೊಪ್ಪಳದ ಕೋರ್ಟಿನಲ್ಲಿ ಬಡವರ ಕೇಸು ನಡೆಸುತ್ತ ಮೂರು ಸಲ ಶಾಸಕರಾದವರು. ಜಾತಿಯ ಕಾರಣಕ್ಕೆ ಕೆಲವರನ್ನು ಹೋಟೆಲಿನ ಹೊರಗೆ ನಿಲ್ಲಿಸಿ ಬೇರೆ ಕಪ್ಪಿನಲ್ಲಿ ಚಹಾ ಕೊಡುತ್ತಿದ್ದ ಕಾಲದಲ್ಲಿ, ಅದೇ ಜನರನ್ನು ಕರೆದುಕೊಂಡು ಒಳಗೆ ಹೋಗಿ, ಎಲ್ಲರಿಗೂ ಒಂದೇ ಥರದ ಕಪ್ಪು ಬರುವವರೆಗೆ ಏಳದೆ ಕೂತವರು. ವಿಧಾನಸಭೆಯಲ್ಲಿ ಅವರು ಎದ್ದು ನಿಂತರೆ ಮಂತ್ರಿಗಳು ನೀರಿನ ಗ್ಲಾಸು ಹುಡುಕುತ್ತಿದ್ದರಂತೆ. ಈಗ ವಯಸ್ಸು ಎಂಬತ್ತು ದಾಟಿ, ಊರೂರಿಗೆ ಹೋಗಿ ಶಾಲು ಹೊದಿಸಿಕೊಳ್ಳುವುದೊಂದೇ ಕೆಲಸವಾಗಿ, ಪಾಪ, ಅವರಿಗೆ ಭಾರಿ ಬೇಸರ ಬಂದಿತ್ತು.

"ಒಂದ್ ಫೋನ್ ಮಾಡ್ರಿ ಸಾಹೇಬ್ರ, ಅಷ್ಟ ಸಾಕು," ಎಂದು ಐಬಿಯಲ್ಲಿ ಶಬ್ಬೀರಸಾಬ ಅವರಿಗೆ ಕೈಮುಗಿದ.

ಮುದುಕರ ಕಣ್ಣು ಮಿಂಚಿದವು. "ಫೋನ್ ಯಾಕೋ ತಮ್ಮಾ? ನನ್ನ ಸನ್ಮಾನಕ್ಕ ಬಡವನ ಅಂಗಡಿ ಎಬ್ಬಸ್ತಾರ? ನಡಿ, ಧರಣಿ ಕುಂಡ್ರೂಣು! ಉಪವಾಸ ಧರಣಿ!"

"ಅಷ್ಟೆಲ್ಲಾ ಬ್ಯಾಡ್ರಿ ಸಾಹೇಬ್ರ..." ಎನ್ನುವಷ್ಟರಲ್ಲಿ ಈಶಪ್ಪನವರು ಚಪ್ಪಲಿ ಮೆಟ್ಟಿ ಇಲಿಯಾಸನ ಬೈಕು ಹತ್ತಿಬಿಟ್ಟಿದ್ದರು. ಶಬ್ಬೀರಸಾಬ ಹಿಂದೆ ಓಡಿಕೊಂಡು ಬಂದ.

ಅಬ್ಬಬ್ಬಾ, ಏನು ಜನ! ಸನ್ಮಾನದ ಪೆಂಡಾಲಿನಲ್ಲಿದ್ದವರೆಲ್ಲ ಕುರ್ಚಿ ಬಿಟ್ಟು ಬೇವಿನ ಮರದಡಿ ನೆರೆದರು. ಅಂಗಡಿಯ ಮುಂದೆ ಗೋಣಿತಟ್ಟು ಹಾಸಿ ಈಶಪ್ಪನವರು ಕೂತಿದ್ದರು. ಶಬ್ಬೀರಸಾಬನಿಗೆ ಹಿಗ್ಗು ತಡೆಯಲಾಗಲಿಲ್ಲ. ಒಲೆ ಹೊತ್ತಿಸಿ, "ಬರ್ರಿ, ಬರ್ರಿ! ಗರಮ್ ಚಾ, ಬಿಸಿ ಮಿರ್ಚಿ!" ಎಂದು ಕೂಗಿದ.

"ನಾಚಿಗಿ ಬರೂದಿಲ್ಲೇನು ನಿನಗ?" ಹೂ ಮಾರುವ ಹುಲಗೆಮ್ಮ ಮೈಮೇಲೆ ಬಂದಳು. "ನಿನ್ನ ಸಲುವಾಗಿ ಹಿರೇರು ಉಪವಾಸ ಕುಂತಾರ, ನೀ ಅವರ ಮೂಗಿನ ಮುಂದ ಮಿರ್ಚಿ ಕರಿತಿ? ಆರಸು ಒಲಿ!"

ಒಲೆ ಆರಿತು. ಹುಲಗೆಮ್ಮನೇ ಅವನ ಕೊರಳಿಗೊಂದು ಮಾಲೆ ಹಾಕಿದಳು, ಇಲಿಯಾಸ ಅವನನ್ನೂ ಎಳೆದು ತಟ್ಟಿನ ಮೇಲೆ ಕೂಡಿಸಿದ. ಉಪವಾಸಕ್ಕೆ ಗೌರವ ಕೊಟ್ಟು ಅಲ್ಲಿ ಯಾರೂ ಒಂದು ಗುಟುಕು ಚಹಾ ಕುಡಿಯಲಿಲ್ಲ. ರಸ್ತೆಯಾಚೆ ಖಾನಾವಳಿಯಲ್ಲಿ ಹೊಟ್ಟೆ ತುಂಬ ಉಂಡು, ಮೀಸೆ ಒರೆಸಿಕೊಳ್ಳುತ್ತ ಬಂದು "ಬೇಕೇ ಬೇಕು, ನ್ಯಾಯ ಬೇಕು!" ಎಂದು ಕೂಗಿದರು. ಬಿಸಿಲೇರಿ ಹಾಲು ಒಡೆಯಿತು. ಶಬ್ಬೀರಸಾಬನ ಹೊಟ್ಟೆ ಬೆನ್ನಿಗೆ ಹತ್ತಿತು.

"ಸಾಹೇಬ್ರ, ನಾ ಒಂದ್ ಅರ್ಧ ಕಪ್ ಚಾ..."

"ಗಟ್ಟಿ ಆಗೋ ಶಬ್ಬೀರ! ಹೋರಾಟಗಾರ ನೀನು!" ಈಶಪ್ಪನವರ ಮುಖದಲ್ಲಿ ಇಪ್ಪತ್ತರ ಕಳೆ ಇತ್ತು.

ಸಂಜೆಯ ಹೊತ್ತಿಗೆ ಮಂತ್ರಿಗಳು ಬಂದವರೇ ಬೆವತುಹೋದರು. "ಸಾಹೇಬ್ರ, ನಿಮ್ಮಾಣಿ, ಈ ಅಂಗಡಿ ಯಾರೂ ಮುಟ್ಟಂಗಿಲ್ಲ!" ಎಂದು ತಾವೇ ಲಿಂಬು ಸರಬತ್ತು ಕುಡಿಸಿದರು. ಗೆದ್ದೆವು! ಜನ ಕುಣಿದರು. ಶಬ್ಬೀರಸಾಬನನ್ನು ಹೆಗಲ ಮೇಲೆ ಹೊತ್ತು, ಒಂದು ಸುತ್ತು ಹಾಕಿ, ಅಂಗಡಿಯೊಳಗೆ ಇಳಿಸಿ ಪೆಂಡಾಲಿಗೆ ಓಡಿದರು.

ಅವನು ಮತ್ತೆ ಒಲೆ ಹೊತ್ತಿಸಿ ಎಣ್ಣೆಯಿಟ್ಟ. ವೇದಿಕೆಯ ಸೋಫಾದಲ್ಲಿ ಈಶಪ್ಪನವರು ದಣಿದು ತೂಕಡಿಸುತ್ತಿದ್ದರು. ಮೈಕಿನಲ್ಲಿ ಮಂತ್ರಿಗಳ ದನಿ ಮೊಳಗಿತು: "ಬಡವರ ಹಕ್ಕಿಗಾಗಿ ಈ ಮಹನೀಯರು ಇಂದು ಉಪವಾಸ ಕೂತ ಆ ಬೇವಿನ ಮರದಡಿಯಲ್ಲೇ, ಅದೇ ಜಾಗದಲ್ಲಿ, ಅವರ ಹೋರಾಟದ ಸ್ಮಾರಕ ಕಟ್ಟಿಸುತ್ತೇವೆ! ನಾಳೆಯೇ ಭೂಮಿಪೂಜೆ!"

ಚಪ್ಪಾಳೆಯೋ ಚಪ್ಪಾಳೆ. ಶಬ್ಬೀರಸಾಬನೂ ಮಿರ್ಚಿ ಕರಿಯುವ ಜಾರಾ ಹಿಡಿದೇ ಸಿಳ್ಳೆ ಹೊಡೆದ. ಜೆಸಿಬಿಯೊಂದು ಬಂದು ಅಂಗಡಿಯ ಮುಂದೆ ನಿಂತಾಗಲೇ ಅವನಿಗೆ ಆ ಮಾತಿನ ಅರ್ಥ ಹೊಳೆದದ್ದು.

ಫೌಜದಾರರು ಈಗ ಭಾಳ ಮರ್ಯಾದೆಯಿಂದ ಕೈಮುಗಿದರು. "ಶಬ್ಬೀರಸಾಬ್ರ, ಅಂಗಡಿ ತಗೀಬೇಕ್ರಿ."

"ಒಂದಿನಾನ್ರಿ?"

"ಅದು ಮುಂಜಾನಿ ಮಾತ್ರೀ. ಈಗ ಕಾಯಂ."

ಅಷ್ಟರಲ್ಲಿ ಈಶಪ್ಪನವರ ಕಾರು ಬಂದು ಪಕ್ಕದಲ್ಲಿ ನಿಂತಿತು. ಶಾಲು, ಪೇಟ, ಹಣ್ಣಿನ ಬುಟ್ಟಿಗಳ ನಡುವಿನಿಂದ ಮುದುಕರ ತಲೆ ಹೊರಬಂತು. "ಯಾಕೋ ಶಬ್ಬೀರ, ಮುಖಾ ಸಣ್ಣ ಮಾಡಿ? ಮತ್ತೇನರ ಅನ್ಯಾಯ ಆತೇನು? ಹೇಳು, ಈಗ ಇಳೀತೀನಿ!"

ಶಬ್ಬೀರಸಾಬ ಹಾರಿ ಹೋಗಿ ಕಾರಿನ ಬಾಗಿಲನ್ನು ಎರಡೂ ಕೈಯಿಂದ ಒತ್ತಿ ಹಿಡಿದ. "ಅಯ್ಯೋ, ಏನೂ ಇಲ್ರಿ ಸಾಹೇಬ್ರ! ಮಿರ್ಚಿ ಖಾರ ಕಣ್ಣಿಗೆ ಹೊಡದೈತಿ. ನೀವು ಹೋಗಿ ಬರ್ರಿ!"

ಕಾರು ಹೊರಟಿತು. ಅವನು ತಿರುಗಿ ಬಂದವನೇ ತನ್ನ ಅಂಗಡಿಯ ಒಂದು ಮೂಲೆಗೆ ತಾನೇ ಕೈಹಚ್ಚಿದ.

"ಎತ್ರಿ ಫೌಜದಾರ್ರ, ಜಲ್ದಿ ಎತ್ರಿ! ಅವರು ಹೊಳ್ಳಿ ನೋಡೂದ್ರಾಗ ಮುಗಸೂಣು."