ಬಾಗಿಲ ಮೇಲಿನ ಕಲ್ಲಿನ ಅಕ್ಷರದೋಷ ಮತ್ತು ತದನಂತರದ ಮೌನದ ಕುರಿತು

ಇಂದ:
ಸದಾಶಿವಪ್ಪ, ಗಂಡ (ಇಪ್ಪತ್ತೇಳು ವರ್ಷಗಳ ಸೇವೆ),
ಜಗಲಿ, ಶಾಗ್ಯ, ಹನೂರು ತಾಲ್ಲೂಕು.

ಗೆ:
ಶ್ರೀಮತಿ ಪುಟ್ಟಮಲ್ಲಮ್ಮನವರು,
ಅಡುಗೆಮನೆ, ಅದೇ ವಿಳಾಸ.

ಮೂಲಕ: ಕು. ಭವ್ಯಶ್ರೀ, ಮಗಳು.

ವಿಷಯ: ನನ್ನೊಡನೆ ಮಾತುಕತೆ ಪುನರಾರಂಭಿಸುವ ಬಗ್ಗೆ.

ಉಲ್ಲೇಖ: 1. ನಮ್ಮ ಮನೆಯ ಧ್ಯೇಯವಾಕ್ಯ.
2. ಹನ್ನೊಂದು ದಿನಗಳಿಂದ ತಮ್ಮ ಮೌಖಿಕ ಆದೇಶಗಳು ಬಾರದಿರುವುದು.

ಮಾನ್ಯರೇ,

1. ಮಹಿಳಾ ಸಂಘದ ತರಬೇತಿಗೆಂದು ಹನೂರಿಗೆ ಹೋಗಿದ್ದ ತಾವು, ಗುರಿಯಿಟ್ಟು ಬಾಳಲು ಪ್ರತಿ ಮನೆಗೂ ಒಂದು ಧ್ಯೇಯವಾಕ್ಯ ಇರತಕ್ಕದ್ದೆಂದು ತಿಳಿದು ಬಂದು, ಊಟದ ಹೊತ್ತಿನಲ್ಲಿ ಸಭೆ ಕರೆದು, "ನಾವು ಯಾಕ್ ಬದುಕಿದ್ದೀವಿ, ಏಳಿ" ಎಂದು ಕೇಳಿದಿರಿ. "ಮುದ್ದೆ ಆರೋಯ್ತದೆ, ಮೊದ್ಲು ಉಣ್ಣನ ಕಣಮ್ಮಿ" ಎಂದು ನಾನು ಮಂಡಿಸಿದ ಸೂಚನೆ ಬಿದ್ದುಹೋಯಿತು. ಕೊನೆಗೆ ತಾವೇ ಮೂರು ದಿನ ಯೋಚಿಸಿ, "ಹಂಚಿಕೊಂಡು ಬಾಳುವುದೇ ನಮ್ಮ ಮನೆಯ ಧ್ಯೇಯ" ಎಂಬ ವಾಕ್ಯ ಕಟ್ಟಿದಿರಿ. ಸರ್ವಾನುಮತದಿಂದ ಅಂಗೀಕಾರವಾಯಿತು.

2. ಅದನ್ನು ಕೊಳ್ಳೇಗಾಲದ ಕಲ್ಲು ಕೆತ್ತುವ ಮುತ್ತಯ್ಯನಿಗೆ ತಲುಪಿಸುವ ಹೊಣೆ ನನ್ನದಾಗಿತ್ತು. ಅಲ್ಲಿಯವರೆಗೆ ಯಾರು ಹೋಗುತ್ತಾರೆಂಬ ಕಾರಣದಿಂದ, ಹನೂರು ಬಸ್ ನಿಲ್ದಾಣದಲ್ಲಿ, ಬೆಟ್ಟದ ಬಸ್ಸುಗಳ ಹಾರನ್ ನಡುವೆ ಫೋನಿನಲ್ಲೇ ಹೇಳಿದೆ: "ಅಂಚ್ಕಂಡು ಬಾಳದೇ ನಮ್ಮನೆ ಧ್ಯೇಯ. ಬರ್ಕಂಡೇನ್ಲಾ?" ನಮ್ಮ ಸೀಮೆಯ ಬಾಯಲ್ಲಿ ಹಕಾರ ನಿಲ್ಲುವುದಿಲ್ಲವೆಂಬುದು ತಮಗೆ ತಿಳಿದದ್ದೇ. ಓದಿಕೊಂಡವನಾದ ಮುತ್ತಯ್ಯ ಅದನ್ನು ಶುದ್ಧ ಕನ್ನಡಕ್ಕೆ ತಿದ್ದಿ ಹೀಗೆ ಕೆತ್ತಿದನು: "ಅಂಜಿಕೊಂಡು ಬಾಳುವುದೇ ನಮ್ಮ ಮನೆಯ ಧ್ಯೇಯ."

3. ಕಲ್ಲು ತರುವಾಗಲೇ ತಪ್ಪು ನನ್ನ ಕಣ್ಣಿಗೆ ಬಿದ್ದಿತ್ತೆಂದು ಈ ಮೂಲಕ ಒಪ್ಪಿಕೊಳ್ಳುತ್ತೇನೆ. ತಮಗೆ ಹೇಳಲು ಧೈರ್ಯ ಸಾಲದ ಕಾರಣ ಹೇಳಲಿಲ್ಲ. ಆದ್ದರಿಂದ ಕಲ್ಲಿನ ಮೇಲಿರುವುದು ಪೂರ್ತಿ ಸುಳ್ಳೆನ್ನಲು ಬರುವುದಿಲ್ಲ. ಟವೆಲ್ ಹೊದಿಸಿ ಬಾಗಿಲ ಮೇಲೆ ಕೂರಿಸಿಬಿಟ್ಟೆ.

4. ಸಂಘದವರೆಲ್ಲ ನೆರೆದ ದಿನ ತಾವು ಟವೆಲ್ ಎಳೆದಿರಿ. ಪಕ್ಕದ ಮನೆಯ ಯಶೋದ ಗಟ್ಟಿಯಾಗಿ ಓದಿ, "ಇದ್ನ ಕಲ್ನಲ್ ಬ್ಯಾರೆ ಕೆತ್ತುಸ್ಬೇಕಿತ್ತಾ ಅಕ್ಕಾ? ಅಣ್ಣನ್ ಪಾಡು ಊರ್ಗೇ ಗೊತ್ತಲ್ಲಾ!" ಎಂದಳು. ಸಂಘ ನಕ್ಕಿತು. ನಾನೂ ನಕ್ಕೆ. ತಾವು ಒಳಗೆ ಹೋದಿರಿ.

5. ಅಂದಿನಿಂದ ಆಡಳಿತವೆಲ್ಲ ಮಗಳ ಮೂಲಕ ನಡೆಯುತ್ತಿದೆ. ನಾನು ಎದುರಿಗೇ ಕೂತಿದ್ದರೂ, "ಅಪ್ಪಾ, ಇನ್ನೊಂದ್ ಮುದ್ದೆ ಬೇಕಾ ಅಂತ ಅವ್ವ ಕೇಳ್ತಾವ್ಳೆ" ಎಂದು ಪ್ರಕಟಣೆ ಹೊರಡುತ್ತದೆ. ಕೋಪಕ್ಕೆ ಅಕ್ಷರವೇ ಕಾರಣವೆಂದು ಬಗೆದು, ಬೇರೆ ಕಲ್ಲಿಗೆ ಮುತ್ತಯ್ಯನನ್ನು ಒಪ್ಪಿಸಿ, ನಿನ್ನೆ ಬೀಗುತ್ತ ಮಗಳಿಗೆ ವರದಿ ಮಾಡಿದೆ. ಅವಳೆಂದಳು: "ಅಕ್ಷರುಕ್ಕಲ್ಲ ಕಣಪ್ಪಾ ಅವ್ವಂಗೆ ಕ್ವಾಪ. ನಾಕ್ನೇ ಕ್ಲಾಸ್ ಓದ್ದೋಳು, ಉಟ್ಟಿದ್ಮ್ಯಾಕೆ ಮೊದಲ್ನೇ ಸಲ ಒಂದ್ ವಾಕ್ಯ ತಾನೇ ಕಟ್ಟಿದ್ಲು. ಎಲ್ರೂ ನಗುವಾಗ ನೀನೂ ಜೊತೇಲಿ ನಿಂತ್ಕಂಡು ನಕ್ಕಲ್ಲಾ, ಅದ್ಕೆ."

6. ನನಗೆ ನಾಚಿಕೆಯಾಯಿತು. ಇದನ್ನು ಹೇಳಲು ಕಚೇರಿಯ ಭಾಷೆಯಲ್ಲಿ ಬೇರೆ ಪದ ಸಿಗಲಿಲ್ಲ. ರಾತ್ರಿಯಿಂದ ಹುಡುಕಿದ್ದೇನೆ.

ಆದ್ದರಿಂದ, ಹೊಸ ಕಲ್ಲಿನ ಮೇಲೆ ತಮ್ಮ ಕೈಬರಹವನ್ನೇ, ಒಂದು ಗೀರೂ ತಿದ್ದದೆ, ಇದ್ದ ಹಾಗೆಯೇ ಕೆತ್ತಲು ಮುತ್ತಯ್ಯ ಇಂದು ಬೆಳಿಗ್ಗೆ ಒಪ್ಪಿರುವ ಕಾರಣ, ಲಗತ್ತಿಸಿದ ಹಾಳೆಯಲ್ಲಿ ತಮ್ಮ ವಾಕ್ಯವನ್ನು ಬರೆದು, ಕೆಳಗೆ ತಮ್ಮ ಹೆಸರನ್ನೂ ಹಾಕಿಕೊಡಬೇಕಾಗಿ ಕೋರುತ್ತೇನೆ. ನನ್ನ ಹೆಸರು ಅಗತ್ಯವಿರುವುದಿಲ್ಲ.

ಸದ್ಯಕ್ಕೆ ಒಂದೇ ಕಡೆಯಿಂದ ತಮ್ಮ ವಿಶ್ವಾಸಿ,
ಸದಾಶಿವಪ್ಪ

ಲಗತ್ತುಗಳು:
1. ಬಿಳಿ ಹಾಳೆ, ಒಂದು.
2. ಪೆನ್ನು, ಒಂದು (ಬರೆಯುತ್ತದೆ, ಪರೀಕ್ಷಿಸಲಾಗಿದೆ).

ವಿ.ಸೂ.: ಅರ್ಜಿ ತಿರಸ್ಕೃತವಾದಲ್ಲಿ, ಸದರಿ ಆದೇಶವನ್ನು ಮಗಳ ಮೂಲಕ ಕಳಿಸದೆ, ಬೈಗುಳದ ರೂಪದಲ್ಲಾದರೂ ಸರಿಯೇ, ತಾವೇ ನನ್ನ ಮುಖ ನೋಡಿ ಹೇಳಬೇಕಾಗಿ ವಿನಂತಿ.