ಮಾವನ ಅಂಗೈ ಮತ್ತು ನನ್ನ ಡ್ರೋನ್

ನನ್ನ ಸೋದರಮಾವನ ಅಂಗೈ ಕಂಡೂ ನಿಲ್ಲದಂಥ ಯಂತ್ರ ಭದ್ರಾವತಿಯಲ್ಲಿ ಇನ್ನೂ ಹುಟ್ಟಿಲ್ಲ! ಹಾಗೆಂದು ಹೇಳುವವರು ಬೇರೆ ಯಾರೂ ಅಲ್ಲ, ಸ್ವತಃ ಮಾವನೇ. ಓಲ್ಡ್ ಟೌನಿನ ಮನೆಯಿಂದ ಹೊರಬಿದ್ದು ರಸ್ತೆ ಬದಿಯಲ್ಲಿ ಕೈ ಎತ್ತಿದರೆ ಶಿವಮೊಗ್ಗದ ಬಸ್ಸು ಗಕ್ಕನೆ ನಿಲ್ಲುತ್ತದಂತೆ. ಅಲ್ಲಿರುವುದು ಬಸ್ ಸ್ಟಾಪು ಎಂಬುದನ್ನು ಅವರು ಎಂದೂ ಗಣನೆಗೆ ತೆಗೆದುಕೊಂಡವರಲ್ಲ.

ಈ ಅಂಗೈಗೊಂದು ಇತಿಹಾಸವಿದೆ. ಮಾವ ಕಾರ್ಖಾನೆಯಲ್ಲಿ ಕ್ರೇನಿಗೆ ಸನ್ನೆ ಮಾಡುವ ಕೆಲಸದಲ್ಲಿದ್ದರು. ಭಾರ ಎತ್ತುವ ಮೊದಲು ಅದು ಸಾಗುವ ದಾರಿಯನ್ನೆಲ್ಲ ನಡೆದು ನೋಡಿ ಎರಡು ಸೀಟಿ ಊದಬೇಕು. ಅಂಗೈ ಎತ್ತಿದರೆ ಕ್ರೇನು ನಿಲ್ಲಬೇಕು. ಚಿಕ್ಕಂದಿನಲ್ಲಿ ರಜೆಗೆ ಹೋದಾಗ, ಸಂಜೆಯ ಸೈರನ್ ಕೂಗಿದೊಡನೆ ನಾನು ಗೇಟಿಗೆ ಓಡುತ್ತಿದ್ದೆ. ಮಾವ ರಸ್ತೆಯಾಚೆಯಿಂದಲೇ ಅಂಗೈ ತೋರಿಸುತ್ತಿದ್ದರು, ನಾನು ಇದ್ದಲ್ಲೇ ನಿಲ್ಲುತ್ತಿದ್ದೆ. ಆ ಸೈರನ್ ಈಗ ಕೂಗುವುದಿಲ್ಲ. ಅದಿಲ್ಲದ ಸಂಜೆ ನನಗೆ ಇವತ್ತಿಗೂ ಒಗ್ಗಿಲ್ಲ.

ನಾನೀಗ ಶಿವಮೊಗ್ಗದಲ್ಲಿ ಮದುವೆಗಳ ವಿಡಿಯೋ ತೆಗೆಯುತ್ತೇನೆ. ಡ್ರೋನ್ ಕೊಂಡ ಹೊಸತರಲ್ಲಿ ಹೊಳಲೂರಿನ ಬಯಲಿನಲ್ಲಿ ಹಾರಿಸಿ ಕಲಿಯುತ್ತಿದ್ದಾಗ ಮಾವ ಅದರೆದುರು ಹೋಗಿ ಅಂಗೈ ಎತ್ತಿದರು. ಅದು ನಿಂತೇಬಿಟ್ಟಿತು! ಎದುರಿಗೆ ಅಡ್ಡ ಬಂದದ್ದನ್ನು ಕಂಡು ತಡೆಯುವ ಸೆನ್ಸರ್ ಅದರಲ್ಲಿದೆ ಎಂದು ವಿವರಿಸಿದೆ. ಅಷ್ಟರಲ್ಲಿ ಮಾವ ಬಯಲಿನಲ್ಲಿ ದನ ಮೇಯಿಸುತ್ತಿದ್ದವರಿಗೆ ತಮ್ಮ ಅಂಗೈ ತೋರಿಸುತ್ತಿದ್ದರು.

ಅಂದಿನಿಂದ ಪ್ರತಿ ಶೂಟಿಂಗಿಗೂ ಮಾವ ಬಿಳಿ ಅಂಗಿ, ಹಳೇ ಸೀಟಿ ಸಮೇತ ಹಾಜರ್. ಸೆನ್ಸರನ್ನು ಪಂಚೆಯ ಚುಂಗಿನಿಂದ ಒರೆಸಲು ಹೊರಟವರಿಗೆ ಮೆತ್ತನೆಯ ಬಟ್ಟೆ ಕೊಟ್ಟು ಗೀರು ತಪ್ಪಿಸಿದೆ. ಆಮೇಲೆ ವಿಚಾರಣೆ. ತೆಳ್ಳನೆಯ ವೈರು ಕಾಣುತ್ತದೆಯೇ? ಇಲ್ಲ. ಗಾಜು? ಅದೂ ಕಷ್ಟ. ಮಬ್ಬುಗತ್ತಲಲ್ಲಿ? ಆಗಂತೂ ನಂಬುವಂತಿಲ್ಲ. ಪಕ್ಕದಲ್ಲಿರುವುದು? ನನ್ನ ಡ್ರೋನಿಗೆ ಪಕ್ಕದಲ್ಲಿ ಕಣ್ಣೇ ಇಲ್ಲ.

"ಹಂಗಾದ್ರೆ ಕಾಣೋದಾದ್ರೂ ಏನು ಮಾರಾಯ್ತಿ? ಕಣ್ಣಿಗೆ ಪೊರೆ ಬಂದಾಗ ನನಗೇ ಇದಕ್ಕಿಂತ ಚೆನ್ನಾಗಿ ಕಾಣ್ತಿತ್ತು."

ಸರಿ, ಅವರೇ ದಾರಿ ನಡೆದು, ಮರ, ವೈರು ಎಲ್ಲ ನೋಡಿ, ಎರಡು ಸೀಟಿ ಊದಿದ ಮೇಲೆಯೇ ಹಾರಾಟ. ಒಂದು ಮದುವೆಯಲ್ಲಿ ಆ ಸೀಟಿ ಕೇಳಿ ವಾಲಗದವರು ಅರ್ಧಕ್ಕೇ ಊದುವುದನ್ನು ನಿಲ್ಲಿಸಿ ಪುರೋಹಿತರ ಮುಖ ನೋಡಿದ್ದರು.

ರಾಗಿಗುಡ್ಡದ ಮದುವೆಯಲ್ಲಿ ಮಾತ್ರ ನಾನು ಸೀಟಿಗೆ ಕಾಯಲಿಲ್ಲ. ಮದುಮಗನ ಕಾರಿನ ಹಿಂದೆಯೇ ರಭಸವಾಗಿ ಬರುವ ದೃಶ್ಯ ಬೇಕೆಂದು ಅವರ ಕಡೆಯವರ ಒತ್ತಾಯ. ಡ್ರೋನನ್ನು ಅತಿ ವೇಗದ 'ಸ್ಪೋರ್ಟ್' ಮೋಡಿಗೆ ಹಾಕಿದೆ. ಆ ಮೋಡಿನಲ್ಲಿ ಸೆನ್ಸರ್ ಕೆಲಸ ಮಾಡುವುದಿಲ್ಲವೆಂದು ನನಗೆ ಗೊತ್ತಿತ್ತು. ಆದರೂ ಕಣ್ಣು ಪೂರ್ತಿ ಸ್ಕ್ರೀನಿನ ಮೇಲೆ. ಇದ್ದಕ್ಕಿದ್ದಂತೆ ಸ್ಕ್ರೀನಿನ ತುಂಬ ಒಂದು ಅಂಗೈ!

ಪಕ್ಕಕ್ಕೆ ಎಳೆದೆ. ಡ್ರೋನು ಚಪ್ಪರದ ಬಾಳೆಕಂದಿಗೆ ಬಡಿದು ಬಿತ್ತು. ಮಾವನ ಅಂಗೈಗೆ ರೆಕ್ಕೆ ತಾಗಿ ರಕ್ತ ಬರುತ್ತಿತ್ತು. ಅವರ ಹಿಂದೆ, ಕಂಬದಿಂದ ಚಪ್ಪರಕ್ಕೆ ಸೀರಿಯಲ್ ಲೈಟಿನ ವೈರು ಎಳೆದಿದ್ದರು. ಅದರ ಕೆಳಗೆ ಆರತಿ ತಟ್ಟೆ ಹಿಡಿದ ಹೆಂಗಸರು ನಿಂತಿದ್ದರು.

ಗಾಯಕ್ಕೆ ಬಟ್ಟೆ ಕಟ್ಟುತ್ತ ನಾನು ಅಳುತ್ತಲೇ ರೇಗಿದೆ. ಅದು ನಿಮ್ಮ ಕೈಗೆ ಎಂದೂ ನಿಂತದ್ದಲ್ಲ, ಸೆನ್ಸರಿಗೆ ನಿಂತದ್ದು, ಇವತ್ತು ಅದೂ ಇರಲಿಲ್ಲ, ಯಾವ ಧೈರ್ಯದಲ್ಲಿ ಅಡ್ಡ ನಿಂತಿರಿ ಎಂದು ಕೇಳಿದೆ.

ಮಾವ ಕಟ್ಟಿದ ಬಟ್ಟೆಯನ್ನು ಇನ್ನೊಂದು ಕೈಯಿಂದ ಒತ್ತಿ ಹಿಡಿದರು.

"ಗೊತ್ತು ಕಣೇ. ಕ್ರೇನೂ ನನ್ನ ಕೈ ನೋಡ್ತಿರ್ಲಿಲ್ಲ. ಮೇಲೆ ಕೂತೋನು ನೋಡ್ತಿದ್ದ. ನೀನೂ ನೋಡ್ತಿದ್ದೀಯ ಅಂದ್ಕೊಂಡೆ."

ನಾನು ಬಾಳೆಕಂದಿನ ಬುಡದಲ್ಲಿ ಬಿದ್ದಿದ್ದ ಡ್ರೋನನ್ನು ಎತ್ತಿಕೊಂಡೆ.

ಡ್ರೋನು ರಿಪೇರಿಯಾಯಿತು. ಸೆನ್ಸರ್ ಒರೆಸುತ್ತೇನೆ, ಆನ್ ಇದೆಯೇ ಎಂದು ಎರಡೆರಡು ಸಲ ನೋಡುತ್ತೇನೆ, ಸೀಟಿಗೆ ಕಾಯುತ್ತೇನೆ. ಜನರ ಗುಂಪಿನಲ್ಲಿ ಬಿಳಿ ಅಂಗಿ ಎಲ್ಲಿದೆಯೆಂದು ಹುಡುಕಿಕೊಂಡೇ ಮೇಲೇರಿಸುತ್ತೇನೆ. ಎಷ್ಟು ದೂರದಲ್ಲಿದ್ದರೂ ಸರಿ, ಮಾವ ಅಂಗೈ ಎತ್ತಿದರೆ ಡ್ರೋನು ಅಲ್ಲೇ ನಿಲ್ಲುತ್ತದೆ. ನಾನು ನೋಡುತ್ತಿರುತ್ತೇನೆ.