ಅತ್ತೆಯ ರೇಡಿಯೊಗೆ ನಾನು ಜೋಡಿಸಿದ ಎಫ್‌ಎಂ

ರೇಡಿಯೊ ವಿಷಯದಲ್ಲಿ ನನಗೆ ತಿಳಿಯದ್ದು ಏನೂ ಇಲ್ಲ! ಬಿಷ್ಕೆಕ್‌ನ ನಮ್ಮ ಐದಂತಸ್ತಿನ ಕಟ್ಟಡದಲ್ಲಿ ಭೌತಶಾಸ್ತ್ರ ಓದಿದವನು ನಾನೊಬ್ಬನೇ. ಅಂಗಳದ ಬೆಂಚಿನ ಮೇಲೆ ಕೂರುವವರಿಗೆಲ್ಲ ಅದನ್ನು ಆಗಾಗ ನೆನಪಿಸುತ್ತಿದ್ದವನೂ ನಾನೇ. ಅತ್ತೆ ಬುರುಲ್ ಅಪಾ ಅವರ ಹಳೆಯ ಸೋವಿಯತ್ ಶಾರ್ಟ್‌ವೇವ್ ರೇಡಿಯೊಗೆ ಎಫ್‌ಎಂ ಜೋಡಿಸುತ್ತೇನೆಂದು ಘೋಷಿಸಿದ್ದೂ ಅದೇ ಬೆಂಚಿನ ಮೇಲೆ.

ಕಾರಣವಿತ್ತು. ಅತ್ತೆಗೆ ಎಪ್ಪತ್ತು ತುಂಬುವ ದಿನ ಸಂಜೆ ಏಳಕ್ಕೆ, ಊರಿಗೆ ಹೊಸದಾಗಿ ಬಂದ ಎಫ್‌ಎಂನಲ್ಲಿ ಅವರಿಗೊಂದು ಶುಭಾಶಯ, ಒಂದು ಹಾಡು. ದೂರದ ಓಷ್ ನಗರದಿಂದ ಬರಲಾಗದ ಅವರ ಮಗನ ಏರ್ಪಾಟು ಅದು.

"ಕೆಳಗಡೆ ತಮಾರಾ ಹತ್ರ ಪುಟ್ಟ ಚೀನಾ ರೇಡಿಯೊ ಇದೆ ಕಣ್ರೀ. ಅವತ್ತೊಂದು ದಿನಕ್ಕೆ ಕೇಳಿ ತರ್ತೀನಿ," ಎಂದಳು ಹೆಂಡತಿ ಜಿಪಾರ್.

"ಭೌತಶಾಸ್ತ್ರಜ್ಞನ ಮನೆಗೆ ಎರವಲು ರೇಡಿಯೊ? ನಾನಿರುವಾಗ?"

"ನೀವಿರೋದಕ್ಕೇ ಭಯ!"

"ನನ್ನ ಶಾರ್ಟ್‌ವೇವ್ ಕೆಟ್ರೆ ಕಿವಿ ಹಿಂಡ್ತೀನಿ, ಅಳಿಯಪ್ಪ," ಎಂದರು ಅತ್ತೆ.

ಶಾರ್ಟ್‌ವೇವ್ ಕೆಡಲಿಲ್ಲ. ಅದರ ಪಕ್ಕದಲ್ಲೇ ಒಂದೇ ಟ್ರಾನ್ಸಿಸ್ಟರಿನ ಎಫ್‌ಎಂ ಸರ್ಕ್ಯೂಟನ್ನು ಬೆಸುಗೆ ಹಾಕಿ ಕೂರಿಸಿದೆ. ಈ ಸರ್ಕ್ಯೂಟಿಗೆ ಒಂದು ದುರ್ಗುಣವುಂಟು: ಅಲೆಗಳನ್ನು ಹಿಡಿಯುವಾಗ ತಾನೂ ಅಲೆಗಳನ್ನು ಹೊರಗೆ ಉಗುಳುತ್ತದೆ. ಪುಸ್ತಕದಲ್ಲಿ ಓದಿದ್ದೆ. ಅದು ಪುಸ್ತಕದಲ್ಲೇ ಇರಲಿ ಎಂದು ಬಿಟ್ಟುಬಿಟ್ಟೆ! ಆಂಟೆನಾಕ್ಕೆ ಮನೆ ಬೆಚ್ಚಗಿಡುವ ಬಿಸಿನೀರಿನ ಪೈಪನ್ನೇ ಆರಿಸಿದೆ. ನೆಲಮಹಡಿಯಿಂದ ಐದನೇ ಅಂತಸ್ತಿನವರೆಗೆ ಪ್ರತಿ ಮನೆಯನ್ನೂ ಹಾದು ಹೋಗುವ ಕಬ್ಬಿಣದ ಪೈಪು. ಇದಕ್ಕಿಂತ ಭವ್ಯವಾದ ಆಂಟೆನಾ ಉಂಟೆ?

ಆ ಸಂಜೆ ನೆಂಟರು ಮೇಜಿನ ಸುತ್ತ ಕೂತರು. ನಾನು ಗುಂಡಿ ತಿರುಗಿಸಿದೆ. ಭೋರ್ಗರೆತ! ನಡುವೆ ಟಣ್, ಟಣ್, ಟಣ್!

"ಕೇಳಿ! ನಿಲಯ ಹತ್ತಿರ ಬರ್ತಿದೆ!"

"ನಿಲಯ ಅಲ್ಲ ಕಣ್ರೀ, ನೆರೆಯೋರು. ಪೈಪಿಗೆ ಸೌಟಲ್ಲಿ ಬಡೀತಿದಾರೆ!"

ಅಷ್ಟರಲ್ಲಿ ಕರೆಗಂಟೆ. ಬಾಗಿಲಲ್ಲಿ ಮೇಲಿನ ಮನೆಯ ಸಗಿನ್.

"ಕುಬಾತ್, ನನ್ನ ರೇಡಿಯೊ ಹಾವಿನ ಹಾಗೆ ಬುಸುಗುಡ್ತಿದೆ. ಏನು ಮಾಡಿಟ್ಟೆಯೋ ಮಾರಾಯಾ?"

ಬಾಗಿಲಿಗೆ ಬಂದವರು ಜಗಳಕ್ಕೇ ಬಂದಿರಲಿ, ಒಂದು ಚೂರು ರೊಟ್ಟಿ ಮುರಿದು ಬಾಯಿಗೆ ಹಾಕದೆ ನಮ್ಮಲ್ಲಿ ಹಿಂದಿರುಗುವಂತಿಲ್ಲ. ಜಿಪಾರ್ ರೊಟ್ಟಿ ಹಿಡಿದಳು. ಹಿರಿಯರ ಎಪ್ಪತ್ತನೆಯ ಹುಟ್ಟುಹಬ್ಬದ ರೊಟ್ಟಿ ಬಾಯಿಗಿಟ್ಟ ಮೇಲೆ ಕೂತು ಉಣ್ಣದೆ ಹೋಗುವುದೂ ತರವಲ್ಲ. ಸಗಿನ್ ಕೂತ. ಅವನ ಹಿಂದೆ ಅವನ ಹೆಂಡತಿ, ಎದುರುಮನೆಯವರು, ನೆಲಮಹಡಿಯ ಅಜ್ಜ... ಒಬ್ಬೊಬ್ಬರೂ ಬೈಯಲು ಬಾಯಿ ತೆರೆದರು, ರೊಟ್ಟಿ ಹಾಕಿಕೊಂಡು ಮುಚ್ಚಿದರು!

"ಬೇಷ್‌ಬರ್ಮಾಕ್ ನೆಂಟರಿಗಷ್ಟೇ ಮಾಡಿದ್ದು," ಮಾಂಸ, ಶಾವಿಗೆಯ ತಟ್ಟೆ ತೋರಿಸಿ ಜಿಪಾರ್ ನನ್ನ ಕಿವಿಯಲ್ಲಿ ಉಸುರಿದಳು. "ಇನ್ನೊಂದು ಸ್ವಲ್ಪ ಆಂಟೆನಾ ಉದ್ದ ಮಾಡಿದ್ರೆ ಪಕ್ಕದ ಬೀದಿಯೋರೂ ಬರ್ತಾರೆ!"

ಕೊನೆಗೆ ತಮಾರಾ ಬಂದಳು, ಸಾಕ್ಷಿಗೆ ಚೀನಾ ರೇಡಿಯೊ ಸಮೇತ. ಅದೂ ಬುಸ್ಸೆಂದಿತು. ಏಳಾಗುತ್ತಿತ್ತು. ಏನು ಮಾಡಬೇಕೆಂದು ಗೊತ್ತಿತ್ತು. ಕೈ ಮಾತ್ರ ಗುಂಡಿಯತ್ತ ಹೋಗಲೊಲ್ಲದು.

"ಅಳಿಯಪ್ಪ," ಅತ್ತೆ ಮೆಲ್ಲಗೆ ಅಂದರು, "ನನ್ನ ಮಗ ಏನಂದ ಅಂತ ಕೇಳ್ಬೇಕಲ್ಲೋ."

ಆರಿಸಿದೆ. ನನ್ನ ರೇಡಿಯೊ ಬಾಯಿ ಮುಚ್ಚಿದ್ದೇ ತಡ, ತಮಾರಾಳ ಅಂಗೈಯಗಲದ ಪೆಟ್ಟಿಗೆ ಗಂಟಲು ಸರಿಪಡಿಸಿಕೊಂಡು ಸ್ಪಷ್ಟವಾಗಿ ನುಡಿಯಿತು: "ಬುರುಲ್ ಅಪಾ ಅವರಿಗೆ ಓಷ್‌ನಿಂದ ಮಗನ ಪ್ರೀತಿಯ ನಮಸ್ಕಾರ. ಅಳಿಯ ಕುಬಾತ್ ತನ್ನ ಕೈಯಾರೆ ಮಾಡಿದ ರೇಡಿಯೊದಲ್ಲಿ ಅವರು ಈ ಹಾಡನ್ನು ಕೇಳುತ್ತಿದ್ದಾರೆ!"

ಕೋಮುಜ್ ವಾದ್ಯದ ತಂತಿಗಳು ಮಿಡಿದವು. ಮನೆ ತುಂಬ ನಗು. ಅತ್ತೆ ಹಾಡು ಮುಗಿಯುವ ತನಕ ಕಣ್ಣು ಮುಚ್ಚಿಕೊಂಡಿದ್ದರು. ಆಮೇಲೆ ಕಣ್ಣೊರೆಸಿಕೊಂಡು ತಮ್ಮ ಹಳೇ ರೇಡಿಯೊದ ಬೆನ್ನು ತಟ್ಟಿದರು.

"ನನ್ನ ಅಳಿಯ ಮಾಡಿದ ರೇಡಿಯೊ ಸಾಮಾನ್ಯದ್ದಲ್ಲ ಕಣ್ರಪ್ಪಾ! ಒಂದು ಸಲ ಆಫ್ ಮಾಡಿದ್ರೆ ಸಾಕು, ಇಡೀ ಕಟ್ಟಡಕ್ಕೆ ಚೆನ್ನಾಗಿ ಕೇಳ್ಸತ್ತೆ!"